ಒಂದೇ ಗಾಡಿಗೆ ಎರಡು ವೇಬ್ರಿಡ್ಜ್

ಮಂಡ್ಯದಲ್ಲಿ ಮದುವೆ ವಿಡಿಯೊ ಮಾಡುವ ಗೆಳೆಯನೊಬ್ಬನಿದ್ದಾನೆ. ಚಪ್ಪರದಿಂದ ಬೀಗರೂಟದವರೆಗೆ ಮೂರು ಕ್ಯಾಮೆರಾ ಓಡಿದರೆ ಮುನ್ನೂರು ಜಿಬಿ ತುಂಬುವುದು ಅವನಿಗೆ ಮಾಮೂಲು. ಅವನ ಉಬುಂಟು ಡೆಸ್ಕ್‌ಟಾಪ್‌ನಲ್ಲಿ ವೇಗ ಹೆಚ್ಚಲೆಂದು ಎರಡು ಸಾಟಾ ಎಸ್‌ಎಸ್‌ಡಿಗಳನ್ನು (ಚಿಪ್‌ಗಳಲ್ಲಿ ಮಾಹಿತಿ ಇಡುವ, ಸಾಟಾ ಎಂಬ ತಂತಿಯಲ್ಲಿ ಜೋಡಿಸುವ ಡ್ರೈವ್‌ಗಳು) ಬೆಸೆದು ಒಂದು ಮಾಡಿಕೊಡಲು ಭಾನುವಾರ ಹೋಗಿದ್ದೆ.

ಬೆಸೆಯುವುದು ಐದು ನಿಮಿಷದ ಕೆಲಸ. ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನಲ್ ಒಳಗೇ ಇದರ ಏರ್ಪಾಡಿದೆ. ‘ಎಂಡಿಎಡಿಎಂ’ ಎಂಬ ಉಪಕರಣಕ್ಕೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಎರಡು ಡ್ರೈವ್‌ಗಳು ಒಂದೇ ಹೆಸರಿನಲ್ಲಿ ಎದ್ದು ನಿಲ್ಲುತ್ತವೆ. ಆಮೇಲೆ ಬರೆದದ್ದೆಲ್ಲ ಇಸ್ಪೀಟು ಹಂಚಿದಂತೆ ಹಂಚಿಹೋಗುತ್ತದೆ: ಮೊದಲ 512 ಕೆಬಿ ಇವನಿಗೆ, ಮುಂದಿನ 512 ಕೆಬಿ ಅವನಿಗೆ, ಮತ್ತೆ ಇವನಿಗೆ. ಹಲವು ಡ್ರೈವ್‌ಗಳನ್ನು ಒಂದಾಗಿ ದುಡಿಸುವ ಪದ್ಧತಿಗೆ ರೇಡ್ ಎಂದು ಹೆಸರು, ಇದಕ್ಕೆ ರೇಡ್ ಸೊನ್ನೆ ಎನ್ನುತ್ತಾರೆ. ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ರೇಡ್ ಕುರಿತು ಬರೆದ ಪ್ರಬಂಧದಲ್ಲಿ ಇದ್ದದ್ದು ಒಂದರಿಂದ ಐದರವರೆಗಿನ ಮಟ್ಟಗಳು. ರೇಡ್‌ನ ಮೊದಲ ಇಂಗ್ಲಿಷ್ ಅಕ್ಷರ ‘ಆರ್’ (ರಿಡಂಡೆಂಟ್) ‘ಹೆಚ್ಚುವರಿ ರಕ್ಷಣೆ’ಯ ಸೂಚಕ, ಸೊನ್ನೆಯಲ್ಲಿ ಆ ರಕ್ಷಣೆಯೂ ಸೊನ್ನೆ. ಹೆಸರಿಟ್ಟವರು ಪ್ರಾಮಾಣಿಕರು.

ಓದುವ ವೇಗ ಅಳೆದಾಗ ಸೆಕೆಂಡಿಗೆ ಆರು ಜಿಬಿ ಎಂದು ತೋರಿಸಿತು. ಗೆಳೆಯ ಹಿಗ್ಗಿದ. ನನಗೆ ಅನುಮಾನ: ಸಾಟಾ ತಂತಿಯೊಂದರಲ್ಲಿ ಸೆಕೆಂಡಿಗೆ 600 ಎಂಬಿಗಿಂತ ಹೆಚ್ಚು ಹರಿಯುವಂತೆಯೇ ಇಲ್ಲ. ಆಗ ತಾನೇ ಬರೆದ ಕಡತವನ್ನು ಲಿನಕ್ಸ್ ರ‍್ಯಾಮ್‌ನಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಬಡಿಸಿತ್ತು. ಆ ನೆನಪನ್ನು ಅಳಿಸಿ ಮತ್ತೆ ಅಳೆದೆವು. ಒಂಟಿ ಡ್ರೈವ್ 540ರ ಸುಮಾರು, ಜೋಡಿ ಸಾವಿರ ದಾಟಿತು. ಲೆಕ್ಕ ಸರಿಹೋಯಿತು.

ಆದರೆ ಎಡಿಟಿಂಗ್ ತಂತ್ರಾಂಶ ತೆರೆದುಕೊಳ್ಳುವ ಹೊತ್ತು ಮೊದಲಿನಷ್ಟೇ. ಗೆಳೆಯನ ಮುಖ ಸಪ್ಪಗಾಯಿತು. ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಗಾಡಿಗಳ ಸಾಲು ನೋಡಿ ಬೆಳೆದವನಿಗೆ ಬೇರೆ ಉದಾಹರಣೆ ಏಕೆ ಬೇಕು? ನಲವತ್ತು ಗಾಡಿ ನಿಂತಿದ್ದರೆ ಎರಡನೆಯ ವೇಬ್ರಿಡ್ಜ್ ತೆರೆದ ಕೂಡಲೇ ಸಾಲು ಅರ್ಧ ಹೊತ್ತಿನಲ್ಲಿ ಕರಗುತ್ತದೆ. ಬಂದಿರುವುದು ಒಂದೇ ಗಾಡಿಯಾದರೆ? ಅದು ಒಂದರ ಮೇಲೆಯೇ ಹತ್ತಬೇಕು, ತೂಗುವ ಹೊತ್ತೂ ಅಷ್ಟೇ. ತಂತ್ರಾಂಶ ತೆರೆಯುವಾಗ ಕೇಳುವುದು ಚೂರುಪಾರು ಕಡತಗಳನ್ನು, ಹೆಚ್ಚಾಗಿ ಒಂದಾದ ಮೇಲೆ ಒಂದರಂತೆ. ನಾಲ್ಕು ಕೆಬಿಯ ಚೂರು 512 ಕೆಬಿಯ ಒಂದೇ ತುಂಡಿನೊಳಗೆ ಕೂತಿರುತ್ತದೆ. ಪಕ್ಕದ ಡ್ರೈವ್ ಸುಮ್ಮನೆ ನೋಡುತ್ತಿರುತ್ತದೆ.

ಇನ್ನೊಂದು ತಮಾಷೆ ಇದೆ. ಎಸ್‌ಎಸ್‌ಡಿ ಹಾರ್ಡ್‌ಡಿಸ್ಕ್‌ಗಿಂತ ವೇಗವಾಗಿರುವುದಕ್ಕೆ ತಿರುಗುವ ತಟ್ಟೆ ಇಲ್ಲದಿರುವುದೊಂದೇ ಕಾರಣವಲ್ಲ. ಒಂದು ಫ್ಲ್ಯಾಶ್ ಚಿಪ್ ಅಂಥ ಶೂರನೇನೂ ಅಲ್ಲ. ಒಳಗಿನ ನಿಯಂತ್ರಕ ಬಂದ ಮಾಹಿತಿಯನ್ನು ಹಲವು ಚಿಪ್‌ಗಳಿಗೆ ಏಕಕಾಲಕ್ಕೆ ಹಂಚಿ ಬರೆಸುತ್ತದೆ. ನಾವು ಹೊರಗೆ ಕೂತು ಹಂಚಿದ್ದನ್ನು ಅದು ಒಳಗೆ ಆಗಲೇ ಹಂಚುತ್ತಿತ್ತು. ಹಾಗಾಗಿ ಹೊಸದಾಗಿ ಕೊಳ್ಳುವವರಿಗೆ, ಮದರ್‌ಬೋರ್ಡ್‌ನಲ್ಲಿ ಜಾಗವಿದ್ದರೆ, ಎರಡು ಸಾಟಾ ಬದಲು ಒಂದು ಎನ್‌ವಿಎಂಇ ಡ್ರೈವ್ (ಸಾಟಾ ತಂತಿಯ ಹಂಗಿಲ್ಲದ, ಇನ್ನೂ ವೇಗದ ಎಸ್‌ಎಸ್‌ಡಿ) ಸಾಕು ಎಂದೇ ನನ್ನ ಮಾತು. ಅದು ಬಳಸುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ಹಾದಿಯ ಮೂರನೇ ಪೀಳಿಗೆಯ ಒಳ್ಳೆಯ ಡ್ರೈವ್ ಸೆಕೆಂಡಿಗೆ 3,500 ಎಂಬಿವರೆಗೆ ಓದುತ್ತದೆ. ಗೆಳೆಯನ ಹಳೆಯ ಮದರ್‌ಬೋರ್ಡ್‌ನಲ್ಲಿ ಆ ಜಾಗ ಇರಲಿಲ್ಲ.

ಅಪಾಯವನ್ನು ಬಾಯಲ್ಲಿ ಹೇಳಿದರೆ ನಾಟುವುದಿಲ್ಲವೆಂದು ಕಂಪ್ಯೂಟರ್ ಆರಿಸಿ ಒಂದು ಡ್ರೈವ್‌ನ ತಂತಿ ಕಿತ್ತು ಮತ್ತೆ ಚಾಲೂ ಮಾಡಿದೆ. ಅರ್ಧ ಮದುವೆಯಾದರೂ ಕಾಣಿಸಬಹುದೆಂದು ಅವನು ಕಾದಿದ್ದ. ಜೋಡಿ ಏಳಲೇ ಇಲ್ಲ. ಅರ್ಧ ಇಸ್ಪೀಟು ಕಳೆದ ಕಟ್ಟಿನಲ್ಲಿ ಆಟ ಎಲ್ಲಿಂದ? ಕಂಪ್ಯೂಟರ್ ಸಹ ಅದನ್ನು ಹುಡುಕುತ್ತ ಒಂದೂವರೆ ನಿಮಿಷ ನಿಂತು, ಕೊನೆಗೆ ತುರ್ತು ಪರದೆಗೆ ಬಿತ್ತು. ‘ನೋಫೇಲ್’ ಎಂಬ ಪದವನ್ನು ಏಳುವಾಗ ಜೋಡಿಸಿಕೊಳ್ಳಬೇಕಾದ ಡ್ರೈವ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಈ ಜೋಡಿಯ ಸಾಲಿಗೆ ಸೇರಿಸಿದ ಮೇಲೆ ಮಿಕ್ಕ ವ್ಯವಸ್ಥೆಯಾದರೂ ಏಳತೊಡಗಿತು.

ತಂತಿ ಸಿಕ್ಕಿಸಿದಾಗ ಎಲ್ಲವೂ ಮರಳಿ ಬಂತು. ಗೆಳೆಯ ಏನೂ ಮಾತನಾಡದೆ ಮೇಜಿನ ಕೆಳಗಿಂದ ದೂಳು ಹಿಡಿದ ನಾಲ್ಕು ಟಿಬಿ ಹಾರ್ಡ್‌ಡಿಸ್ಕ್ ತೆಗೆದು ಒರೆಸಿ, ಆ ವಾರದ ಮದುವೆಯನ್ನು ಅದಕ್ಕೆ ನಕಲಿಸಲು ಹಚ್ಚಿದ.