ಗೆರೆಗಳ ನಡುವಿನ ಲೆಕ್ಕ: ಪೆಪ್ಟೈಡ್ ಓದುವ ಸಾಫ್ಟ್‌ವೇರ್‌ಗಳು ಬಂದ ದಾರಿ

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಸಣ್ಣ ಸರಪಳಿ, ಪ್ರೋಟೀನ್‌ನ ಒಂದು ತುಣುಕು. ಅಣುಗಳ ತೂಕ ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಒಂದು ಪೆಪ್ಟೈಡ್ ಕೊಟ್ಟರೆ ಅದು ವಾಪಸ್ ಕೊಡುವುದು ಒಂದಷ್ಟು ಗೆರೆಗಳನ್ನು. ಒಂದೊಂದು ಗೆರೆಯೂ ಪೆಪ್ಟೈಡ್ ಒಡೆದಾಗ ಸಿಕ್ಕ ಒಂದು ಚೂರಿನ ತೂಕ. ಎರಡು ಗೆರೆಗಳ ನಡುವೆ 57.02 ಡಾಲ್ಟನ್ (ಅಣುಗಳ ತೂಕದ ಅಳತೆ) ಅಂತರವಿದ್ದರೆ ಅಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರಬೇಕು, 71.04 ಇದ್ದರೆ ಅಲನಿನ್. ಹೀಗೇ ಕಳೆಯುತ್ತಾ ಹೋದರೆ ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿವೆ ಎಂಬ ಸರಣಿ ಸಿಗುತ್ತದೆ. ಸುಲಭ ಅನ್ನಿಸುತ್ತದೆ, ಅಲ್ವಾ?

ಆದರೆ ಕೆಲವು ಚೂರುಗಳು ಕಾಣಿಸಿಕೊಳ್ಳುವುದೇ ಇಲ್ಲ. ಮಧ್ಯದ ಒಂದು ಗೆರೆ ಇಲ್ಲದೆ ಅಂತರ 114.04 ಬಂತು ಅಂದುಕೊಳ್ಳಿ. ಅದು ಎರಡು ಗ್ಲೈಸಿನ್ನೋ, ಒಂದು ಆಸ್ಪರಜಿನ್ನೋ? ತೂಕ ಎರಡಕ್ಕೂ ಒಂದೇ. ಗ್ಲುಟಮಿನ್ ಮತ್ತು ಲೈಸಿನ್ ನಡುವಿನ ವ್ಯತ್ಯಾಸ ಬರೀ 0.036. ಹಳೆಯ ಎಷ್ಟೋ ಯಂತ್ರಗಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಸಾಲದ್ದಕ್ಕೆ, ಚೂರು ಪೆಪ್ಟೈಡ್‌ನ ಯಾವ ತುದಿಯದು ಎಂದೂ ಗೆರೆ ಹೇಳುವುದಿಲ್ಲ.

ಈ ಲೆಕ್ಕವನ್ನು ಕಂಪ್ಯೂಟರ್‌ಗೆ ಒಪ್ಪಿಸುವ ಪ್ರಯತ್ನ ಹಳೆಯದು. ಎಂಐಟಿಯ ಕ್ಲಾಸ್ ಬೀಮನ್ ತಂಡ 1966ರಲ್ಲೇ ಸಣ್ಣ ಪೆಪ್ಟೈಡ್‌ಗಳಲ್ಲಿ ಇದನ್ನು ಮಾಡಿ ತೋರಿಸಿತ್ತು. 1990ರಲ್ಲಿ ಬಾರ್ಟೆಲ್ಸ್ ಇನ್ನೊಂದು ದಾರಿ ತೋರಿಸಿದರು: ಗೆರೆಗಳನ್ನು ಬಿಂದುಗಳಾಗಿ ಮಾಡಿ, ಅಂತರ ಒಂದು ಅಮೈನೋ ಆಮ್ಲಕ್ಕೆ ಸರಿಹೊಂದುವ ಕಡೆ ಕೊಂಡಿ ಹಾಕಿ, ಒಳ್ಳೆಯ ಹಾದಿ ಹುಡುಕುವುದು. ಮುಂದಿನ ಎಷ್ಟೋ ಸಾಫ್ಟ್‌ವೇರ್‌ಗಳು ನಿಂತಿರುವುದು ಇದರ ಮೇಲೆಯೇ.

1994ರಲ್ಲಿ ಕಥೆ ತಿರುಗಿತು. ಜಿಮ್ಮಿ ಎಂಗ್, ಆಶ್ಲಿ ಮೆಕಾರ್ಮಾಕ್ ಮತ್ತು ಜಾನ್ ಯೇಟ್ಸ್ ಸೀಕ್ವೆಸ್ಟ್ ಎಂಬ ಸಾಫ್ಟ್‌ವೇರ್ ತಂದರು. ಸರಣಿಯನ್ನು ಶುರುವಿನಿಂದ ಓದುವ ಕಷ್ಟ ಯಾಕೆ? ಗೊತ್ತಿರುವ ಪ್ರೋಟೀನ್‌ಗಳ ಡೇಟಾಬೇಸ್‌ನಿಂದ ತೂಕ ಹೊಂದುವ ಪೆಪ್ಟೈಡ್‌ಗಳನ್ನು ಆರಿಸಿ, ಯಾವುದರ ಗೆರೆಗಳು ಚೆನ್ನಾಗಿ ಕೂಡುತ್ತವೆ ಎಂದು ನೋಡಿದರೆ ಆಯಿತು. 1999ರಲ್ಲಿ ಇದೇ ಬಗೆಯ ಮ್ಯಾಸ್ಕಾಟ್ ಬಂತು. ಜೀನೋಮ್‌ಗಳು (ಒಂದು ಜೀವಿಯ ಪೂರ್ತಿ ಡಿಎನ್‌ಎ, ಅದರಿಂದಲೇ ಪ್ರೋಟೀನ್‌ಗಳ ಪಟ್ಟಿ ಸಿಗುವುದು) ಒಂದೊಂದಾಗಿ ಸಿಗುತ್ತಾ ಹೋದಂತೆ ಡೇಟಾಬೇಸ್ ಹುಡುಕಾಟವೇ ರೂಢಿಯಾಯಿತು.

ಆದರೆ ಡೇಟಾಬೇಸ್‌ನಲ್ಲಿ ಇಲ್ಲದ್ದು ಈ ದಾರಿಯಲ್ಲಿ ಸಿಗುವುದಿಲ್ಲ. ಒಂದು ನಿರ್ದಿಷ್ಟ ಆ್ಯಂಟಿಬಾಡಿ (ರೋಗಾಣುವಿನಂಥವಕ್ಕೆ ಅಂಟಿಕೊಳ್ಳುವ ಪ್ರೋಟೀನ್), ಜೀನೋಮ್ ಓದಿರದ ಹಾವಿನ ವಿಷ, ಇಂಥವಕ್ಕೆ ನೇರವಾಗಿ ಓದುವುದೇ ಗತಿ. ಹಾಗಾಗಿ ಡೇಟಾಬೇಸ್ ಇಲ್ಲದೆ ಗೆರೆಗಳಿಂದಲೇ ಓದುವ ಈ ‘ಡಿ ನೋವೊ’ ವಿಧಾನ ಸಾಯಲಿಲ್ಲ. 2003ರಲ್ಲಿ ಬಿನ್ ಮಾ ತಂಡದ ಪೀಕ್ಸ್, 2005ರಲ್ಲಿ ಫ್ರಾಂಕ್ ಮತ್ತು ಪೆವ್‌ಜ್ನರ್ ಅವರ ಪೆಪ್‌ನೋವೊ ಬಂದವು. 2017ರ ಡೀಪ್‌ನೋವೊ ಉದಾಹರಣೆಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್ ತಂದಿತು, 2022ರ ಕ್ಯಾಸನೋವೊ ಅದರದೇ ಹೊಸ ಬಗೆಯಾದ ಟ್ರಾನ್ಸ್‌ಫಾರ್ಮರ್ ತಂದಿತು.

ನನಗೆ ತಮಾಷೆ ಅನ್ನಿಸುವುದು ಇದು: ಈ ಹೊಸ ಮಾದರಿಗಳಿಗೆ ಪಾಠ ಹೇಳಿದ್ದು ಡೇಟಾಬೇಸ್ ಹುಡುಕಾಟವೇ. ಅದು ಗುರುತಿಸಿಟ್ಟ ಲಕ್ಷಗಟ್ಟಲೆ ಸ್ಪೆಕ್ಟ್ರಮ್‌ಗಳೇ, ಅಂದರೆ ಗೆರೆಗಳ ಚಿತ್ರಗಳೇ, ಇವುಗಳ ಪಠ್ಯ. ಹಾಗಾಗಿ ಅದರ ತಪ್ಪುಗಳೂ, ಯಾವುದು ಜಾಸ್ತಿ ಕಾಣುತ್ತದೆ ಎಂಬ ಒಲವೂ ಜೊತೆಗೇ ಬರುತ್ತವೆ. ಲ್ಯೂಸಿನ್ ಮತ್ತು ಐಸೊಲ್ಯೂಸಿನ್‌ಗಳ ತೂಕವಂತೂ ಪೂರ್ತಿ ಒಂದೇ, 113.08. ಮಾದರಿ ಒಂದನ್ನು ಆರಿಸಿ ಹೇಳಿದರೂ ಬಹುತೇಕ ಅದು ಸುಮ್ನೆ ಊಹೆ. ಆ್ಯಂಟಿಬಾಡಿಯ ಅಂಟಿಕೊಳ್ಳುವ ಜಾಗದಲ್ಲಿ ಹೀಗಾದರೆ ನಂಬುವಂತಿಲ್ಲ. ಅದಕ್ಕೇ ಅಂಥ ಕಡೆ ಅಮೈನೋ ಆಮ್ಲದಿಂದ ಪಕ್ಕಕ್ಕೆ ಚಾಚಿರುವ ಕವಲನ್ನೂ ಒಡೆಯುವ ಬೇರೆ ವಿಧಾನ ಬಳಸಿ, ಆಗ ಸಿಗುವ ‘ಡಬ್ಲ್ಯೂ ಅಯಾನ್’ ಎಂಬ ಚೂರುಗಳನ್ನು ನೋಡಿ ತೀರ್ಮಾನಿಸುತ್ತಾರೆ.