ಸರಗಳ್ಳತನದ ನಂತರದ ಒಂದು ತಿಂಗಳು

ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಸರಗಳ್ಳತನ ನಡೆಯುವ ರೀತಿ ಬಹುತೇಕ ಒಂದೇ. ಗಾಡಿಯ ಮೇಲೆ ಇಬ್ಬರಿರುತ್ತಾರೆ. ಮುಂದಿನವನು ಇಂಜಿನ್ ಬಂದ್ ಮಾಡದೆ ಯಾರದೋ ಮನೆಯ ವಿಳಾಸ ಕೇಳುತ್ತಾನೆ, ಹಿಂದಿನವನು ಕೊರಳಿಗೆ ಕೈ ಹಾಕುತ್ತಾನೆ, ಕೆಲವೇ ಸೆಕೆಂಡುಗಳಲ್ಲಿ ಗಾಡಿ ತಿರುವು ದಾಟಿರುತ್ತದೆ. ಮನೋವೈದ್ಯನಾದ ನನ್ನ ಬಳಿಗೆ ಇದೇ ಪ್ರಕರಣ ಎರಡು-ಮೂರು ವಾರಗಳ ಬಳಿಕ, ನಿದ್ದೆ ಹತ್ತುವುದಿಲ್ಲ, ಎದೆ ಡವಗುಟ್ಟುತ್ತದೆ, ಹಾಲು ತರಲು ಹೋಗುವುದಕ್ಕೂ ಅಂಜಿಕೆಯಾಗುತ್ತದೆ ಎಂಬ ದೂರಾಗಿ ಬರುತ್ತದೆ. ಹೀಗೆ ಬಂದವರು ಕಳ್ಳರಿಗಿಂತ ಹೆಚ್ಚಾಗಿ ತಮ್ಮ ಮನೆಯವರು ಆಡಿದ ಮಾತುಗಳ ಬಗ್ಗೆ ಹೇಳಿಕೊಳ್ಳುತ್ತಾರೆ. ಆದ್ದರಿಂದ ಈ ಬರಹ ಸರ ಕಳೆದುಕೊಂಡವರಿಗಿಂತ ಅವರ ಮನೆಯವರನ್ನು ಉದ್ದೇಶಿಸಿದ್ದು.

ಸರ ಕಳೆದುಕೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆ, "ಒದರಬೇಕಿತ್ತಲ್ಲ, ಯಾಕ ಸುಮ್ನ ನಿಂತಿ?" ಎಂಬುದು. ಸುಮ್ಮನೆ ನಿಂತದ್ದು ಅವರು ವಿಚಾರ ಮಾಡಿ ತೆಗೆದುಕೊಂಡ ನಿರ್ಧಾರವಲ್ಲ. ಅಪಾಯ ತೀರ ಹತ್ತಿರಕ್ಕೆ ಬಂದಾಗ, ಅಳೆದು ತೂಗುವಷ್ಟು ಸಮಯ ಸಿಗುವ ಮೊದಲೇ, ದೇಹ ಓಡುವುದಕ್ಕೋ ಹೊಡೆದಾಡುವುದಕ್ಕೋ ಸಜ್ಜಾಗುತ್ತದೆ, ಇಲ್ಲವೇ ಮರಗಟ್ಟಿ ನಿಂತುಬಿಡುತ್ತದೆ. ಆಗ ದನಿಯೇ ಹೊರಡದಿರುವುದು ಸಾಮಾನ್ಯ. ಧೈರ್ಯವಂತರು ಒದರುತ್ತಾರೆ, ಪುಕ್ಕಲರು ನಿಲ್ಲುತ್ತಾರೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆಲವರು ಚಪ್ಪಲಿ ಬಿಟ್ಟು ಗಾಡಿಯ ಹಿಂದೆ ಓಡುತ್ತಾರೆ. ಇನ್ನು ಕೆಲವರು ಏನೂ ಆಗದವರಂತೆ ಮನೆಗೆ ಬಂದು, ರೊಟ್ಟಿ ಬಡಿದು, ಎಲ್ಲರಿಗೂ ನೀಡಿ, ರಾತ್ರಿ ಭಾಂಡೆ ತೊಳೆಯುವ ಹೊತ್ತಿಗೆ ನಡುಗಲು ಶುರುಮಾಡುತ್ತಾರೆ. ಹೀಗೆಯೇ ಮೊಬೈಲ್ ಕಳೆದುಕೊಂಡ ಹುಡುಗರಲ್ಲಿ ಅಂಜಿಕೆ ಸಿಟ್ಟಿನ ವೇಷ ಹಾಕುತ್ತದೆ. ತಮಗೆ ಹೆದರಿಕೆಯಾಯಿತು ಎಂಬ ಒಂದು ಮಾತನ್ನು ಬಿಟ್ಟು ಉಳಿದೆಲ್ಲವನ್ನೂ ಅವರು ಹೇಳುತ್ತಾರೆ.

ಠಾಣೆಯಲ್ಲಿ ಇನ್ನೊಂದು ತೊಡಕು ಕಾದಿರುತ್ತದೆ. ಗಾಡಿಯ ನಂಬರು, ಬಣ್ಣ, ಹಿಂದೆ ಕೂತವನ ಮುಖ, ಯಾವುದನ್ನು ಕೇಳಿದರೂ ಅವರಿಗೆ ನೆನಪಿಲ್ಲ. ಆದರೆ ಕೊರಳಿಗೆ ಬಂದ ಕೈಯ ಉಗುರು, ತಂಬಾಕಿನ ವಾಸನೆ ಚೆನ್ನಾಗಿ ನೆನಪಿದೆ. ಇದನ್ನು ಕಂಡು ಹೇಳಿಕೆಯೇ ಸುಳ್ಳಿರಬೇಕೆಂದು ಅನುಮಾನಿಸುವವರಿದ್ದಾರೆ. ಗಮನವೆಲ್ಲ ಆ ಕೈಯ ಮೇಲೆ ನೆಟ್ಟಿದ್ದಾಗ ಉಳಿದದ್ದು ನೆನಪಿಗೆ ಇಳಿಯುವುದೇ ಇಲ್ಲ ಎಂಬುದು ಅದರ ನಿಜವಾದ ಕಾರಣ. ನೆನಪಿನ ಆ ಖಾಲಿ ಜಾಗವನ್ನು ಮನೆಯವರು ತಮಗೆ ಅರಿವಿಲ್ಲದೆ ತುಂಬಿಬಿಡುತ್ತಾರೆ. ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರುಗಳ ಡಿಕ್ಕಿಯ ಚಿತ್ರಣ ನೋಡಿದವರಿಗೆ ಪ್ರಶ್ನೆಯಲ್ಲಿ 'ತಾಗಿದಾಗ' ಎನ್ನುವ ಬದಲು 'ಅಪ್ಪಳಿಸಿದಾಗ' ಎಂಬಂಥ ಬಿರುಸಾದ ಪದ ಬಳಸಿದ್ದಕ್ಕೇ ಅವರು ಹೇಳಿದ ವೇಗ ಏರಿತ್ತು. ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡೆವೆಂದವರ ಸಂಖ್ಯೆಯೂ ಅವರಲ್ಲೇ ಹೆಚ್ಚಾಗಿತ್ತು. "ಕರೀ ಪಲ್ಸರ್ ಇತ್ತಲ್ಲ?" ಎಂದು ಮಗ ನಾಲ್ಕು ಸಲ ಕೇಳಿದರೆ, ಮರುದಿನದ ಹೊತ್ತಿಗೆ ತಾಯಿ ಕರೀ ಪಲ್ಸರನ್ನೇ ಕಂಡಿರುತ್ತಾರೆ. ಅವರಿಗೆ ತೋಚಿದ್ದನ್ನು ಅಂದೇ, ಯಾರ ನೆರವೂ ಇಲ್ಲದೆ, ಒಂದು ಹಾಳೆಯ ಮೇಲೆ ಬರೆದಿಡಲು ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಬಿಡಿ.

ಮೈಮೇಲಿನ ಗಾಯವನ್ನೂ ನಮ್ಮಲ್ಲಿ ಸಣ್ಣದೆಂದು ಬಿಟ್ಟುಬಿಡುತ್ತಾರೆ. ಸರ ಹರಿಯುವಾಗ ಕೊರಳ ಹಿಂಬದಿಯಲ್ಲಿ ಗೆರೆ ಎಳೆದಂತೆ ಚರ್ಮ ಕಿತ್ತಿರುತ್ತದೆ, ಸರ ಹರಿಯದಿದ್ದರೆ ಗಾಡಿಯೊಂದಿಗೆ ಎಳೆದುಹೋಗಿ ಬಿದ್ದಿರುತ್ತಾರೆ. ಅರಿಷಿಣ ಹಚ್ಚಿ ಸುಮ್ಮನಾಗದೆ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲೆ ಮಾಡಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮು ಕಸಿದುಕೊಳ್ಳುವುದನ್ನೇ ಪ್ರತ್ಯೇಕ ಅಪರಾಧವಾಗಿಸಿ 3 ವರ್ಷದವರೆಗೆ ಸಜೆ ಮತ್ತು ದಂಡ ಹೇಳುತ್ತದೆ; ಕಸಿಯಲೆಂದು ಗಾಯ ಮಾಡಿದ್ದರೆ ಅದು 309ನೇ ಕಲಮಿನ ಸುಲಿಗೆಯಾಗಿ, ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು.

ಹೋದದ್ದು ಮಾಂಗಲ್ಯವಾಗಿದ್ದರೆ ವಿಷಯವೇ ಬೇರೆ. ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ಸಂಗತಿ ಹೇಳುತ್ತೇನೆ. ಅರವತ್ತರ ಆಸುಪಾಸಿನ ಧಾರವಾಡದ ಆ ತಾಯಿ ಗುಡಿಯಿಂದ ಮರಳುವಾಗ ಮನೆಯ ಗೇಟಿನೆದುರೇ ತಾಳಿ ಕಳೆದುಕೊಂಡಿದ್ದರು. ನನ್ನೆದುರು ಕೂತಷ್ಟು ಹೊತ್ತೂ ಸೆರಗನ್ನು ಕೊರಳಿಗೆ ಸುತ್ತಿ ಎಡಗೈಯಿಂದ ಒತ್ತಿ ಹಿಡಿದಿದ್ದರು, ಹೊರಗೆ ಬುಲೆಟ್ ಗಾಡಿಯೊಂದು ಹಾದಾಗ ಅವರ ಮಾತು ಅರ್ಧಕ್ಕೇ ನಿಂತಿತು. ಅವರನ್ನು ನಿದ್ದೆಗೆಡಿಸಿದ್ದು ಕಳ್ಳರಲ್ಲ, ನಾದಿನಿಯ ಮಾತು: "ತಾಳಿ ಹೋಗೂದು ಗಂಡಗ ಛಲೋ ಅಲ್ಲ ಬಿಡ್ರಿ ವೈನಿ." ಗಂಡನಿಗೆ ಮೊದಲೇ ಬಿಪಿ ಇತ್ತು, ಅಂದಿನಿಂದ ಈಕೆ ರಾತ್ರಿ ಮೂರು ನಾಲ್ಕು ಸಲ ಎದ್ದು ಅವರ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದರು. ಇಂಥಲ್ಲಿ ಅದೆಲ್ಲ ಮೂಢನಂಬಿಕೆ ಎಂದು ವೈದ್ಯರು ಭಾಷಣ ಮಾಡಿದರೆ ರೋಗಿ ತಲೆಯಾಡಿಸಿ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ತಾಳಿ ಹೋದ ದಿನ ಸಂಜೆ ಅರಿಷಿಣದ ಕೊಂಬು ಕಟ್ಟಿಕೊಂಡಾಗ ಕೊಂಚ ಸಮಾಧಾನವಾಗಿತ್ತೆಂದು ಅವರೇ ಹೇಳಿದ್ದರಿಂದ, ಹೊಸ ತಾಳಿಯನ್ನು ಗಂಡನೇ ಕಟ್ಟಲಿ, ಅದು ಬೇಗ ಆಗಲಿ, ಅವರ ಬಿಪಿಯನ್ನೂ ಒಮ್ಮೆ ತೋರಿಸೋಣ ಎಂದೆ. ಮೂಲೆಯಲ್ಲಿ ಕೂತಿದ್ದ ಯಜಮಾನರು, "ನನಗೇನಾಗೇತಿ, ಗಟ್ಟಿ ಅದೀನಿ. ನೀ ಮಕ್ಕೋ ಮೊದಲ" ಎಂದರು. ಔಷಧಿ ಬರೆಯುವ ಅಗತ್ಯ ನನಗೆ ಕಾಣಲಿಲ್ಲ.

ಔಷಧಿಯ ಬಗ್ಗೆ ಇನ್ನಷ್ಟು ಹೇಳಬೇಕು. ಪಕ್ಕದ ಮನೆಯವರ ನಿದ್ದೆ ಗುಳಿಗೆಯನ್ನು ಆ ರಾತ್ರಿಯೇ ಕೊಡುವ ರೂಢಿ ನಮ್ಮಲ್ಲಿದೆ. ಆಘಾತದ ನಂತರದ ಮೊದಲ ತಿಂಗಳಲ್ಲಿ ಈ ಲಕ್ಷಣಗಳಿಗೆ ನಿದ್ದೆ ಬರಿಸುವ, ಆತಂಕ ಇಳಿಸುವ ಬೆಂಜೊಡಯಜಪೀನ್ ಗುಂಪಿನ ಗುಳಿಗೆಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಸೂಚಿಸಿದೆ. ಬಂದ ನೆಂಟರಿಗೆಲ್ಲ ನಡೆದದ್ದನ್ನು ಮತ್ತೆ ಮತ್ತೆ ವಿವರಿಸುವಂತೆ ಒತ್ತಾಯಿಸುವುದರಿಂದಲೂ ಉಪಯೋಗವಿಲ್ಲ. ಹೇಳಬೇಕೆನಿಸಿದಾಗ ಕೇಳಿಸಿಕೊಳ್ಳುವವರು ಒಬ್ಬರಿದ್ದರೆ ಸಾಕು. ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ.

ತಿಂಗಳು ಕಳೆದರೂ ಅದೇ ದೃಶ್ಯ ಕನಸಿನಲ್ಲಿ ಬರುತ್ತಿದ್ದರೆ, ಗಾಡಿಯ ಸದ್ದಿಗೆ ಮೈ ಜುಮ್ಮೆನ್ನುತ್ತಿದ್ದರೆ, ಆ ಓಣಿಯನ್ನೇ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದರೆ ತಜ್ಞರನ್ನು ಕಾಣಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆ ಸಿಗುತ್ತದೆ, ಮನೆಯಿಂದ ಹೊರಬೀಳಲಾಗದವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಚಿಕಿತ್ಸೆಯ ಮುಖ್ಯ ಭಾಗ ಅಂಜಿ ದೂರವಿಟ್ಟ ಜಾಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮರಳುವುದು. ಮೊದಲು ಸೊಸೆಯೊಂದಿಗೆ ಹಾಡಹಗಲಲ್ಲಿ ಗೇಟಿನವರೆಗೆ, ಆಮೇಲೆ ಓಣಿಯ ತಿರುವಿನವರೆಗೆ, ಅಂಜಿಕೆ ತಾನಾಗಿ ಇಳಿಯುವವರೆಗೂ ಅಲ್ಲೇ ನಿಂತು, ಕೊನೆಗೆ ಒಬ್ಬರೇ. "ಇನ್ನ ಮ್ಯಾಲೆ ನೀ ಹೊರಗ ಹೋಗೂದ ಬ್ಯಾಡವಾ" ಎನ್ನುವ ಮಕ್ಕಳು ಅಕ್ಕರೆಯಿಂದಲೇ ಈ ದಾರಿಯನ್ನು ಮುಚ್ಚುತ್ತಾರೆ.

ಎಲ್ಲ ಶಾಂತವಾಯಿತು ಎನ್ನುವಾಗ ಠಾಣೆಯಿಂದ ಕರೆ ಬರುವುದುಂಟು: ಆರೋಪಿಯನ್ನು ಗುರುತಿಸಲು, ಇಲ್ಲವೇ ಸಿಕ್ಕ ಬಂಗಾರವನ್ನು ನೋಡಲು. ಸಿಕ್ಕದ್ದು ಎಷ್ಟೋ ಸಲ ಸರವಾಗಿರದೆ ಕರಗಿಸಿದ ಗಟ್ಟಿಯಾಗಿರುತ್ತದೆ. ತೂಕ ಸರಿಯಿದ್ದರೂ ಅದು ತಮ್ಮದು ಅನ್ನಿಸುವುದಿಲ್ಲ. ಆ ರಾತ್ರಿ ಹಳೆಯ ಕನಸು ಮರಳಿದರೆ ಅದು ಕಾಯಿಲೆ ಉಲ್ಬಣಿಸಿದ್ದಲ್ಲ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಹೋಗುವ ದಿನ ಅವರೊಬ್ಬರನ್ನೇ ಕಳುಹಿಸಬೇಡಿ, ಗುರುತಿಸಲೇಬೇಕೆಂದು ದಾರಿಯಲ್ಲಿ ಒತ್ತಡ ಹೇರಬೇಡಿ.