ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ಒಪ್ಪಿಕೊಳ್ಳಬೇಕೇ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ನಮಗೆ ಇಂಟರ್ನ್‌ಶಿಪ್ ಕಡ್ಡಾಯ. ಬೆಂಗಳೂರಿನ ಒಂದು ಕಂಪನಿ ಸ್ಟೈಪೆಂಡ್ ಕೊಡುವುದಿಲ್ಲ ಎನ್ನುತ್ತಿದೆ, ಇನ್ನೊಂದು ನನ್ನಿಂದಲೇ ಶುಲ್ಕ ಕೇಳುತ್ತಿದೆ. ಕಾನೂನು ಏನನ್ನುತ್ತದೆ?

ಉತ್ತರ: ಶುಲ್ಕ ಕೇಳುವ ಕಂಪನಿಯನ್ನು ಇವತ್ತೇ ಕೈಬಿಡಿ. ಒಂದಷ್ಟು ವಿಡಿಯೊ ಪಾಠ, ಎಲ್ಲರಿಗೂ ಒಂದೇ ಪ್ರಾಜೆಕ್ಟ್, ಕೊನೆಗೆ ಬಣ್ಣದ ಪ್ರಮಾಣಪತ್ರ: ಇಂಥ ಕಡೆ ಸಾಮಾನ್ಯವಾಗಿ ಸಿಗುವುದು ಇಷ್ಟೇ. ಅಂಕದ ಭಯವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರವಿದು.

ಸ್ಟೈಪೆಂಡ್ ವಿಷಯ ಅಷ್ಟು ಸರಳವಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ನೋಂದಾಯಿಸಿ ಸೇರಿದವರಿಗೆ ಸ್ಟೈಪೆಂಡ್ ಕೊಡಲೇಬೇಕು. ಕಾಲೇಜಿನ ಪತ್ರ ಹಿಡಿದು ಹೋಗುವ ಇಂಟರ್ನ್‌ಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೆ ಇಂತಿಷ್ಟು ಕೊಡಬೇಕೆನ್ನುವ ಪ್ರತ್ಯೇಕ ಕಾನೂನೂ ಇಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000 ರೂಪಾಯಿ ಘೋಷಿಸಿತಾದರೂ, ಪೂರ್ಣಾವಧಿ ವಿದ್ಯಾರ್ಥಿಗಳನ್ನು ಹೊರಗಿಟ್ಟಿತು.

ಹಾಗೆಂದು ಬಿಟ್ಟಿ ದುಡಿಮೆ ನ್ಯಾಯವಾಗುವುದಿಲ್ಲ. ನಿಮ್ಮ ಪಕ್ಕ ಕುಳಿತು ತಪ್ಪು ತಿದ್ದುವ ಹಿರಿಯರಿದ್ದು, ಆರು ವಾರದಲ್ಲಿ ಮುಗಿಯುವ ಕಲಿಕೆಯಾದರೆ ಸ್ಟೈಪೆಂಡ್ ಇಲ್ಲದಿದ್ದರೂ ಯೋಚಿಸಬಹುದು. ನೀವು ಬರೆದ ಕೋಡ್ ನೇರವಾಗಿ ಗ್ರಾಹಕರ ಕೈಸೇರುತ್ತಿದ್ದರೆ, ರಜೆ ಹಾಕಿದ ಸಿಬ್ಬಂದಿಯ ಕೆಲಸವೂ ನಿಮ್ಮ ತಲೆಗೇ ಬರುತ್ತಿದ್ದರೆ, ಅದು ನೌಕರಿಯೇ. ಹಣ ಕೇಳಲು ಸಂಕೋಚ ಬೇಡ. ಪಿ.ಜಿ. ಬಾಡಿಗೆ, ಊಟ, ಬಸ್ ಖರ್ಚನ್ನು ಮನೆಯವರು ಭರಿಸಬಲ್ಲವರಿಗೆ ಮಾತ್ರ ಅನುಭವ ದಕ್ಕುವುದು, ಹಳ್ಳಿಯಿಂದ ಬಂದವರು ಹಿಂದೆ ಬೀಳುವುದು ನನಗೆ ಒಪ್ಪಲಾಗದ ಅನ್ಯಾಯ.

ಒಂದು ವಿಷಯದಲ್ಲಿ ಮಾತ್ರ ಕಾನೂನು ಗಟ್ಟಿಯಾಗಿ ನಿಮ್ಮ ಪರವಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಗೆ ಸಂಬಳ ಮುಖ್ಯವಲ್ಲ. ತರಬೇತಿಗೆ ಬಂದವರೂ ಅದರ ರಕ್ಷಣೆಯಲ್ಲಿದ್ದಾರೆ. ಹತ್ತು ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಅದಕ್ಕೆ ಲಿಖಿತ ದೂರು ಕೊಡಬೇಕು. ‘ನೀನು ಬರೀ ಇಂಟರ್ನ್’ ಎಂದು ಯಾರೂ ನಿಮ್ಮನ್ನು ವಾಪಸು ಕಳಿಸುವಂತಿಲ್ಲ.

ಸೇರುವ ಮುನ್ನ ಅವಧಿ, ದಿನದ ಗಂಟೆ, ಮಾರ್ಗದರ್ಶಕರ ಹೆಸರು, ಪರೀಕ್ಷೆಗೆ ರಜೆ, ಪ್ರಮಾಣಪತ್ರ ಕೊಡುವ ದಿನ, ಇಷ್ಟನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅದರ ಪ್ರತಿ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೂ ಹೋಗಲಿ. ಪ್ರಮಾಣಪತ್ರ ತಡೆಹಿಡಿಯುತ್ತೇವೆಂದು ಮುಂದೆ ಯಾರಾದರೂ ಹೆದರಿಸಿದರೆ, ಆ ಇಮೇಲ್ ಮುಂದಿಟ್ಟು ಕಂಪನಿಯೊಂದಿಗೆ ಮಾತಾಡಬೇಕಾದವರು ಆ ಅಧಿಕಾರಿಯೇ.